ಮಡ್‌ಗಾರ್ಡಿನ ಬಿಳಿ ಗೀರು

ಆ ಮನೆಯ ಸೊಸೆಯನ್ನು ಎಲ್ಲರೂ ಅಂಜುಬುರುಕಿ ಎನ್ನುತ್ತಿದ್ದರು. ಸುಳ್ಳೇನಲ್ಲ. ಕುಕ್ಕರ್ ಕೂಗಿದರೆ ಬೆಚ್ಚುವಳು, ಏಣಿ ಹತ್ತಿದರೆ ಕಣ್ಣು ಮುಚ್ಚುವಳು. ಹಣ್ಣಿನ ತೋಟದಲ್ಲಿ ಗಂಡನಿಗೆ ಸಮವಾಗಿ ದುಡಿದರೂ ಏಣಿಯ ಕೆಲಸವನ್ನು ಮಾತ್ರ ಅತ್ತೆಗೆ ಬಿಡುತ್ತಿದ್ದಳು. ಅತ್ತೆ ಅದನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಅವರ ಹಳೆಯ ಟ್ರಾಕ್ಟರಿನ ಮಡ್‌ಗಾರ್ಡು ದಪ್ಪ ಕಬ್ಬಿಣದ್ದು. ಹಿಂದಿನ ಚಕ್ರದ ಮೇಲಿನ ಆ ಜಾಗವೇ ಮನೆಯ ಹೆಂಗಸರಿಗೆ ಆಸನ. ಅದನ್ನು ಮಾರಿ ಸಣ್ಣ ಟ್ರಾಕ್ಟರು ತಂದಾಗ ಬಾನೆಟ್ಟೂ ಮಡ್‌ಗಾರ್ಡೂ ಪ್ಲಾಸ್ಟಿಕ್ಕಿನವಾದವು, ಕೂರುವ ಅಭ್ಯಾಸ ಹಳೆಯದೇ ಉಳಿಯಿತು. ತುಕ್ಕಿನ ಕಾಟ ತಪ್ಪಿತೆಂದು ಗಂಡ ಹಿಗ್ಗಿದ. ಕಬ್ಬಿಣಕ್ಕೆ ಮಾಡುತ್ತಿದ್ದ ಉಪಚಾರವನ್ನೇ ಇದಕ್ಕೂ ಮಾಡಿದ: ಸಂಜೆಯಾದರೆ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಹೊಳಪು ಬರಿಸುವುದು. ಹಗಲೆಲ್ಲ ಬಿಸಿಲು, ಸಂಜೆ ಡೀಸೆಲ್ಲು. ಪ್ಲಾಸ್ಟಿಕ್ಕಿಗೆ ಎರಡೂ ಶತ್ರುಗಳೆಂದು ಅವನಿಗೆ ಗೊತ್ತಿರಲಿಲ್ಲ.

ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿಳಿ ಗೀರುಗಳು ಎದ್ದವು. ಮೊದಲು ಕಂಡದ್ದು ಅಲ್ಲಿ ಕೂರುವ ಸೊಸೆಗೆ. ಅಂದಿನಿಂದ ಅವಳಿಗೆ ತೋಟದ ದಾರಿಯೆಂದರೆ ಎದೆಬಡಿತ. ಕೆಳಗೆ ತಿರುಗುವ ಚಕ್ರ, ನಡುವೆ ತೆಳ್ಳಗಿನ ಒಂದು ಹಾಳೆ. ತಗ್ಗು ಬಂದಾಗಲೆಲ್ಲ ಅದು ಕಿರ್ರೆನ್ನುವುದು ತೊಡೆಗೇ ತಿಳಿಯುತ್ತಿತ್ತು. ಭಾರವನ್ನೆಲ್ಲ ಪಾದಗಳ ಮೇಲೆ ಹಾಕಿ, ಕೂತಂತೆ ನಟಿಸುತ್ತ, ಬೆವರುತ್ತ ಹೋಗುತ್ತಿದ್ದಳು. ಹೇಳಿದರೆ ನಗುತ್ತಾರೆಂದು ಹೇಳಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಗೀರು ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ತಲುಪಿತ್ತು.

"ನಾನು ನಡ್ಕೊಂಡೇ ಬರ್ತೀನಿ," ಎಂದಳು.

"ಯಾಕೆ, ಏನಾಯ್ತೇ?" ಎಂದ ಗಂಡ.

"ಇದು ಬಿರುಕು ಬಿಟ್ಟಿದೆ ರೀ. ಮುಟ್ಟಿ ನೋಡಿ."

"ಒರೆಸಿದ ಗುರುತು ಕಣೇ ಅದು."

ಬುತ್ತಿ ಹಿಡಿದು ಬಂದ ಅತ್ತೆ ಸೊಸೆಯನ್ನು ಪಕ್ಕಕ್ಕೆ ಸರಿಸಿದಳು. "ಇವಳಿಗೆ ಹಗ್ಗ ಕಂಡ್ರೂ ಹಾವು. ಸರಿ ಆಚೆಗೆ, ನಾನೇ ಕೂತ್ಕೋತೀನಿ."

ಸೊಸೆ ಅವಳ ಮಣಿಕಟ್ಟು ಹಿಡಿದುಕೊಂಡಳು. "ಬೇಡಿ ಅತ್ತೆ."

"ಕೈ ಬಿಡೇ."

"ಬಿಡಲ್ಲ. ಬೇಕಾದ್ರೆ ಬೈದ್ಕೊಳ್ಳಿ."

ಸೊಸೆ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದಳು. ಗಂಡ ನಕ್ಕು, ಗೊಬ್ಬರದ ಮೂಟೆಯೊಂದನ್ನು ಎತ್ತಿ ಮಡ್‌ಗಾರ್ಡಿನ ಮೇಲೆ ಕುಳ್ಳಿರಿಸಿದ.

"ನೋಡ್ತಿರು. ಅಮ್ಮನಷ್ಟೇ ತೂಕ, ಬಾಯಿ ಒಂದಿಲ್ಲ."

ಟ್ರಾಕ್ಟರು ಹೊರಟಿತು. ಹೆಂಗಸರಿಬ್ಬರೂ ಹಿಂದೆ ನಡೆದರು. ತೋಟದ ಇಳಿಜಾರಿನಲ್ಲಿ ಹಿಂದಿನ ಚಕ್ರ ಒಂದು ತಗ್ಗಿಗೆ ಬಿತ್ತು. ಒಣಕಟ್ಟಿಗೆ ಮುರಿದಂಥ ಸದ್ದು, ಅಷ್ಟೇ. ಮಡ್‌ಗಾರ್ಡು ಎರಡು ಹೋಳಾಯಿತು. ಮೂಟೆ ಒಮ್ಮೆ ವಾಲಿ, ಚಕ್ರದ ಮುಂದಕ್ಕೆ ಉರುಳಿತು. ಅವನು ಬ್ರೇಕು ಒತ್ತುವಷ್ಟರಲ್ಲಿ ಚಕ್ರ ಅದರ ಮೇಲೆ ಹತ್ತಿ ಇಳಿದಿತ್ತು. ಹರಿದ ಚೀಲದಿಂದ ಬಿಳಿ ಹರಳು ಇಳಿಜಾರಿನುದ್ದಕ್ಕೂ ಚೆಲ್ಲಿತು.

ಎಂಜಿನ್ನು ನಿಂತಿತು. ಗಂಡ ಸ್ಟೇರಿಂಗ್ ಹಿಡಿದವನು ಹಿಂದಿರುಗಿ ನೋಡಲಿಲ್ಲ. ಅತ್ತೆ ಒಡೆದ ಮೂಟೆಯನ್ನೇ ದಿಟ್ಟಿಸುತ್ತ ನಿಂತಳು. ಅವಳ ಮಣಿಕಟ್ಟು ಇನ್ನೂ ಸೊಸೆಯ ಕೈಯಲ್ಲೇ ಇತ್ತು.

"ಈಗಲಾದ್ರೂ ಬಿಡೇ," ಎಂದಳು.

"ಸ್ವಲ್ಪ ತಾಳಿ ಅತ್ತೆ. ನನ್ನ ಕಾಲು ನಿಲ್ತಿಲ್ಲ."

"ಹಂಗಾದ್ರೆ ಬಿಡಬೇಡ," ಎಂದಳು ಅತ್ತೆ. "ನನ್ನದೂ ನಿಲ್ತಿಲ್ಲ."