ಬೆಂಕಿ ಎಂದು ಕೂಗದ ಊರಿನ ಬಿಂದಿಗೆ ತಾತ

ಮೊದಲಿಗೆ ಕ್ಷಮಿಸಿ...
ಇದನ್ನು ಬರೆಯಲು ನಾನು ಯಾರು ಅಂತ ನನಗೇ ಗೊತ್ತಿಲ್ಲ.
ಅವರ ಮನೆಯವಳಲ್ಲ, ಈ ಊರಿನವಳೂ ಅಲ್ಲ. ಓದಿದ್ದೆಲ್ಲ ಹಾಸ್ಟೆಲ್‌ಗಳಲ್ಲಿ, ಕನ್ನಡವೂ ಅರ್ಧಂಬರ್ಧ.
ತಪ್ಪಿದ್ದರೆ ಇವತ್ತೊಂದಿನ ಬಿಟ್ಟುಬಿಡಿ.

ಪುಟ್ಟಸ್ವಾಮಿ ತಾತ ಹೋಗಿಬಿಟ್ಟರು ಅನ್ನುತ್ತಿದ್ದಾರೆ...
ನಂಬೋಕೆ ಆಗುತ್ತಿಲ್ಲ.

ಮತ್ತಿಕೆರೆಯಲ್ಲಿ ನನ್ನ ಬಾಡಿಗೆ ರೂಮಿನ ಕೆಳಗೇ ಅವರ ಮನೆ. ಇವತ್ತು ಬೆಳಿಗ್ಗೆ ಕ್ಲಾಸಿಗೆ ಹೊರಟಾಗ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು.
"ಏನವ್ವಾ, ಇವತ್ತೂ ಪರೀಕ್ಷೇನಾ? ಮುಖ ಇಂಗ್ ಬಾಡೋಗದೆ" ಅಂದರು.
"ಲ್ಯಾಬ್ ಅಷ್ಟೇ ತಾತ" ಅಂದೆ.
ಸಂಜೆ ಬಂದಾಗ ಕುರ್ಚಿ ಇರಲಿಲ್ಲ...
ಗೇಟಿನ ಹೊರಗೆ ಬರೀ ಚಪ್ಪಲಿ, ನೋಡಲು ಬಂದವರದ್ದು.

ನನ್ನ ಕ್ಲಾಸಿನವರಿಗೆ ಅವರು 'ಗೇಟ್ ತಾತ'.
ಹಳೆಯ ಮತ್ತಿಕೆರೆಗೆ ಬಿಂದಿಗೆ ಪುಟ್ಟಸ್ವಾಮಿ. ಊರಿನ ಬೆಂಕಿ ದಳದಲ್ಲಿ ಉಳಿದಿದ್ದ ಕೊನೆಯವರು.

ಹೌದು, ಇಲ್ಲೊಂದು ಬೆಂಕಿ ದಳ ಇತ್ತು... ಐವತ್ತರ ದಶಕದಲ್ಲಿ. ಸರ್ಕಾರದ್ದಲ್ಲ, ಊರಿನವರೇ ಕಟ್ಟಿಕೊಂಡಿದ್ದು.
ಆಗ ಇದು ಹಳ್ಳಿ. ಸುತ್ತ ಹೊಲ, ಹುಲ್ಲಿನ ಬಣವೆ, ಯಶವಂತಪುರದ ಕಡೆಯಿಂದ ಕಿಡಿ ಹಾರಿಸುತ್ತ ಬರುವ ಉಗಿ ರೈಲು. ಪಟ್ಟಣ ದೂರ. ಅಲ್ಲಿಂದ ಫೈರ್ ಎಂಜಿನ್ ಬರುವಷ್ಟರಲ್ಲಿ ಬಣವೆ ಬೂದಿ.

ಒಂದು ಬೇಸಿಗೆಯಲ್ಲಿ ಬಣವೆ ಹತ್ತಿಕೊಂಡಿತಂತೆ. ಯಾರೋ "ಬೆಂಕಿ, ಬೆಂಕಿ" ಅಂತ ಕೂಗಿದರು.
ಇಡೀ ಊರು ಓಡಿಬಂತು...
ಬರಿಗೈಯಲ್ಲಿ.
ನಿಂತು ನೋಡಿತು, ಅಷ್ಟೇ.

ಆಮೇಲೆ ಊರವರು ಸೇರಿ ತೀರ್ಮಾನ ಮಾಡಿದರು. ಇನ್ನು ಯಾರೂ ಬೆಂಕಿ ಅಂತ ಕೂಗಬಾರದು. "ಬಿಂದಿಗೆ" ಅಂತ ಕೂಗಬೇಕು. ಕೇಳಿಸಿಕೊಂಡವರು ನೀರು ತುಂಬಿದ ಬಿಂದಿಗೆ ಹಿಡಿದೇ ಹೊಸಿಲು ದಾಟಬೇಕು.

ಇದೇನೂ ಗೊತ್ತಿಲ್ಲದ ಒಬ್ಬ ವ್ಯಾಪಾರಿ ಮಾಗಡಿ ಕಡೆಯಿಂದ ಬಂದ. ಸೈಕಲ್ ತುಂಬ ಹಿತ್ತಾಳೆ ಬಿಂದಿಗೆ. ಊರ ಮಧ್ಯೆ ನಿಂತು ಗಂಟಲು ಬಿಚ್ಚಿ ಕೂಗಿದ...
"ಬಿಂದಿಗೇ..."

ಮುಂದಿನದ್ದು ತಾತನ ಬಾಯಲ್ಲೇ ಕೇಳಬೇಕಿತ್ತು ನೀವು.
"ಮನೆಮನೆಯಿಂದ ಜನ ಈಚೆಗ್ ಬಂದ್ರವ್ವ. ಎಲ್ರ ಕೈಲೂ ಬಿಂದಿಗೆ. ಹಳೇದ್ ಕೊಟ್ಟು ಹೊಸದ್ ತಗಳಕ್ಕೆ ಬತ್ತಾವ್ರೆ, ಎಂಥ ಬಂಗಾರದಂಥ ಊರು ಅಂದ್ಕೊಂಡೆ. ಒಬ್ಬಯ್ಯ 'ಎಲ್ಲೋ, ಎಲ್ಲೋ' ಅಂತ ಓಡ್ಬಂದ. 'ಇಲ್ಲೇ ಕಣಣ್ಣ, ಬಾ' ಅಂದೆ. ನನ್ ಮ್ಯಾಲೇ ಸುರುದ್ರು ನೋಡು..."

ತಪ್ಪು ಗೊತ್ತಾದ ಮೇಲೆ ಒಣ ಪಂಚೆ ಕೊಟ್ಟರಂತೆ, ಮುದ್ದೆ ಊಟ ಹಾಕಿದರಂತೆ. ನಾಚಿಕೆಗೆ ಸೈಕಲ್ ಮೇಲಿದ್ದ ಬಿಂದಿಗೆಯನ್ನೆಲ್ಲ ಕೊಂಡರಂತೆ.
ಆ ವ್ಯಾಪಾರಿ ವಾಪಸ್ ಹೋಗಲೇ ಇಲ್ಲ. ಅವರೇ ನಮ್ಮ ತಾತ.

ತಾತಾ...
ಈ ಊರನ್ನು ಸಾಲಾಗಿ ನಿಲ್ಲಿಸಿದವರು ನೀವು.
ಅಲ್ಲಿಯವರೆಗೆ ಎಲ್ಲರೂ ತಮ್ಮ ತಮ್ಮ ಬಿಂದಿಗೆ ಹೊತ್ತು ಓಡುತ್ತಿದ್ದರು. ಒಬ್ಬರಿಗೊಬ್ಬರು ಡಿಕ್ಕಿ, ಅರ್ಧ ನೀರು ದಾರಿಗೇ.
"ಬಿಂದಿಗೆ ಓಡ್ಲಿ, ನೀವ್ ನಿಂತ್ಕಳ್ರಪ್ಪ" ಅಂದಿರಿ.
ಬಾವಿಯಿಂದ ಬೆಂಕಿಯವರೆಗೆ ಜನ. ತುಂಬಿದ್ದು ಒಂದು ಸಾಲಿನಲ್ಲಿ ಮುಂದಕ್ಕೆ, ಖಾಲಿಯಾದದ್ದು ಇನ್ನೊಂದರಲ್ಲಿ ಹಿಂದಕ್ಕೆ.
ಎಲ್ಲ ಕೇರಿಯವರ ಕೈಯಲ್ಲೂ ಎಲ್ಲರ ಬಿಂದಿಗೆ... ಆ ಕಾಲದಲ್ಲಿ.

"ಮೊದಮೊದ್ಲು ಕೆಲವರು ಮನೆಗೋಗಿ ಹುಣಸೆಹಣ್ಣಾಕಿ ಉಜ್ಜೋರು, ಮೈಲಿಗೆ ಅಂತ" ಅಂದಿದ್ದಿರಿ. "ಆಮ್ಯಾಕೆ ಬಿಂದಿಗೆಗಳೇ ಅದಲುಬದಲಾಗೋದ್ವು. ಯಾವುದ್ ಯಾರದ್ದು ಅಂತ ಯಾರಿಗ್ ಗೊತ್ತು? ಉಜ್ಜೋದ್ ಬಿಟ್ರು."
ನೀವು ನಕ್ಕಿದ್ದಿರಿ. ನನಗೆ ಮಾತ್ರ ಮೈ ಜುಮ್ ಅಂದಿತ್ತು.

ಅರವತ್ತರ ದಶಕದಲ್ಲಿ ಸೌದೆ ಡಿಪೋ ಹೊತ್ತಿಕೊಂಡ ಕತೆಯನ್ನು ಎಷ್ಟು ಸಲ ಹೇಳಿಸಿಕೊಂಡಿಲ್ಲ ನಾನು... ಫೈರ್ ಎಂಜಿನ್ ಬಂದಾಗ ಬೆಂಕಿ ಆರಿತ್ತು, ನೀವೆಲ್ಲ ಸಾಲಿನಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದಿರಿ.
ಎಂಜಿನ್ನಿನ ಸಾಹೇಬರು "ನಿಮ್ಮ ಪಂಪ್ ಎಲ್ರೀ?" ಅಂದರು.
ನೀವು ಸಾಲಿನ ಕಡೆ ಕೈ ತೋರಿಸಿದಿರಿ.
ಸಾಹೇಬರು ಟೋಪಿ ತೆಗೆದು, ಒಂದು ಲೋಟ ಮಜ್ಜಿಗೆ ಕೇಳಿದರಂತೆ.

ಈಗ ವಿಷಯಕ್ಕೆ ಬರುತ್ತೇನೆ. ಅದಕ್ಕೇ ಈ ಪೋಸ್ಟ್.

ದಳದವರು ಯಾರೇ ತೀರಿಕೊಂಡರೂ ಕೊನೆಯ ಸ್ನಾನದ ನೀರು ದೇವಸ್ಥಾನದ ಬಾವಿಯಿಂದ ಸಾಲಿನಲ್ಲೇ ಬರಬೇಕು, ಕೈಯಿಂದ ಕೈಗೆ. ಅದು ಅವರ ಪದ್ಧತಿ. ತಾತ ಪ್ರತಿಯೊಬ್ಬರಿಗೂ ನಿಂತಿದ್ದಾರೆ.
ಅವರಿಗೆ ನಿಲ್ಲಲು ಯಾರೂ ಉಳಿದಿಲ್ಲ.

ಮಗಳು ಸರೋಜಾ ಆಂಟಿ ಈಗಷ್ಟೇ ನನ್ನ ಮುಂದೆ ಅಂದರು, "ಅಪ್ಪನಿಗೆ ಅದೊಂದೇ ಆಸೆ ಇತ್ತು ಕಣಮ್ಮ. ಆದ್ರೆ ಯಾರನ್ನ ಕರೀಲಿ? ಸಾಲಿನೋರೆಲ್ಲ ಹೋದ್ರು. ಟ್ಯಾಂಕರ್ ನೀರಲ್ಲೇ ಮಾಡಿಬಿಡಾಣ."
"ಆಂಟಿ, ಬೆಳಿಗ್ಗೆವರೆಗೂ ಟೈಮ್ ಕೊಡಿ" ಅಂದುಬಿಟ್ಟೆ.
ಕ್ಲಾಸಿನಲ್ಲಿ ಅಟೆಂಡೆನ್ಸ್‌ಗೆ ಉತ್ತರ ಕೊಡಲೂ ಹೆದರುವವಳು ನಾನು...

ಬಾವಿಯಲ್ಲಿ ನೀರಿದೆ, ನೋಡಿ ಬಂದೆ. ಅಲ್ಲಿಂದ ನಮ್ಮ ಗೇಟಿಗೆ ಎರಡು ಕ್ರಾಸ್. ಅಷ್ಟು ಉದ್ದಕ್ಕೂ ಜನ ಬೇಕು.
ಪಿಜಿಯವರು, ಹಾಸ್ಟೆಲ್ಲಿನವರು, ಸೀನಿಯರ್ಸ್, ಗಂಗಾನಗರ, ವಿದ್ಯಾರಣ್ಯಪುರದಿಂದ ಬಸ್ಸಿನಲ್ಲಿ ಬರುವವರು... ಯಾರಾದರೂ ಸರಿ. ನಾಳೆ ಬೆಳಿಗ್ಗೆ, ಕ್ಲಾಸಿಗೆ ಮುಂಚೆ.
ನಮ್ಮ ಹತ್ತಿರ ಬಿಂದಿಗೆ ಇಲ್ಲ, ಗೊತ್ತು. ಬಕೆಟ್ ತನ್ನಿ, ವಾಟರ್ ಕ್ಯಾನ್ ತನ್ನಿ, ಮಗ್ ಆದರೂ ತನ್ನಿ.
ಬರಿಗೈಯಲ್ಲಿ ಮಾತ್ರ ಬರಬೇಡಿ.

ಹೋಗಿಬನ್ನಿ ತಾತಾ...
ಈ ಊರನ್ನು ಎಷ್ಟು ತಂಪಾಗಿ ಇಟ್ಟಿದ್ದಿರೋ, ನಿಮ್ಮ ಜೀವವೂ ಅಷ್ಟೇ ತಂಪಾಗಿರಲಿ.

ಫ್ರೆಂಡ್ಸ್, ಕಮೆಂಟಿನಲ್ಲಿ ಓಂ ಶಾಂತಿ ಬೇಡ. ಬರುವವರು 'ಬಿಂದಿಗೆ' ಅಂತ ಒಂದೇ ಪದ ಹಾಕಿ.
ಆಂಟಿ ಇನ್ನೂ ಎದ್ದೇ ಕೂತಿದ್ದಾರೆ. ಬೇಗ ರಿಪ್ಲೈ ಮಾಡಿ, ಪ್ಲೀಸ್.