ದಂಡೋತಿ ಖಾನಾವಳಿಯ ಕೊನೆಯ ರೊಟ್ಟಿ

ಖಾನಾವಳಿಯ ಅಕ್ಕ ಇನ್ನೊಂದು ಜೋಳದ ರೊಟ್ಟಿ ತಂದು ತಾಟಿಗೆ ಹಾಕಿದಾಗ ನನ್ನ ಹೊಟ್ಟೆಯಲ್ಲಿ ಉಸಿರಿಗೂ ಜಾಗವಿರಲಿಲ್ಲ. ಆದರೂ ಸಾಕು ಎನ್ನಲಿಲ್ಲ. ಊಟಕ್ಕೆ ಕೂಡುವಾಗಲೇ, "ಅಕ್ಕಾ, ಇದು ಶಹಾಬಾದದಾಗ ಕಲ್ಲು ಒಡಿಯೋ ಹೊಟ್ಟಿ ಅದ. ನಿಮ್ಮ ಕೈ ಸೋಲ್ತದ ನೋಡ್ರಿ" ಎಂದು ಜಂಬ ಕೊಚ್ಚಿಕೊಂಡಿದ್ದೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಅದು. ಕಾಗಿಣಾ ಹೊಳೆ ತುಂಬಿ ಹರಿಯುತ್ತಿದ್ದುದರಿಂದ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಬಂಡಿ ನಿಲ್ಲಿಸಿ ದಂಡೋತಿಯಲ್ಲೇ ತಂಗಿದ್ದೆ. ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಆ ರುಚಿ ಮತ್ತೆಲ್ಲೂ ಸಿಕ್ಕಿಲ್ಲ.

ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದ ತೆಂಗಳಿಯ ಮುದುಕರೊಬ್ಬರು ನನ್ನ ಕಿವಿಯ ಹತ್ತಿರ ಬಾಗಿದರು. "ಏ ತಮ್ಮಾ, ಸಾಕು ಅನ್ನೋ. ಬಂದವರು ಬಾಯಿಬಿಟ್ಟು ಸಾಕು ಅನ್ನೋತನಕ ಈಕಿ ಉಣ್ಣಂಗಿಲ್ಲ. ಮುಂಜಾನಿಂದ ಹಸ್ಕೊಂಡಾಳ."

ಬುಟ್ಟಿ ನೋಡಿದೆ, ಖಾಲಿ. ತಾಟಿನಲ್ಲಿದ್ದದ್ದು ಆಕೆಯ ಪಾಲಿನ ರೊಟ್ಟಿ.

"ಸಾಕ್ರಿ ಅಕ್ಕಾ. ಇದನ್ನ ನೀವ ಉಣ್ರಿ" ಎಂದೆ, ಸಣ್ಣ ದನಿಯಲ್ಲಿ.

"ತಾಟಿಗಿ ಬಿದ್ದದ್ದು ತಿರುಗಿ ತಗೋಳಂಗಿಲ್ಲರಿ. ಉಣ್ರಿ, ನಾಳಿ ಕಲ್ಲು ಯಾರು ಒಡೀಬೇಕು?" ಎಂದು ನಕ್ಕು ಆಕೆ ಒಳಗೆ ಹೋದರು. ತನಗಾಗಿ ಒಂದೇ ಒಂದು ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಅದನ್ನು ಕೇಳುತ್ತ ಆ ಕೊನೆಯ ರೊಟ್ಟಿ ನುಂಗುವುದಕ್ಕಿಂತ ಕಲ್ಲು ಒಡೆಯುವುದೇ ಹಗುರವಿತ್ತು.

ಅಂದಿನಿಂದ ಯಾರ ಮನೆಯಲ್ಲಿ ಉಂಡರೂ ಎರಡನೆಯ ರೊಟ್ಟಿಗೇ ಸಾಕು ಎನ್ನುತ್ತೇನೆ. ಬೀಗರೆಲ್ಲ ನನ್ನನ್ನು ಮಿತವಾಗಿ ಉಣ್ಣುವವನೆಂದು ಹೊಗಳುತ್ತಾರೆ. ಹೆಂಡತಿ ಮಾತ್ರ, ನಾನು ಮನೆಗೆ ಬಂದ ಕೂಡಲೇ ಏನೂ ಕೇಳದೆ ಒಲೆ ಹೊತ್ತಿಸುತ್ತಾಳೆ.