ಹ್ಯಾಂಬರ್ಗ್‌ನ ನೀರಿನ ಮೇಲೆ ಗಿರಿಜಕ್ಕ ಮತ್ತು ನಾನು

ಶಿಕಾಗೋದಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಇನ್ನೊಂದು ಸಣ್ಣ ವಿಮಾನ. ಹ್ಯಾಂಬರ್ಗ್‌ನಲ್ಲಿ ಇಳಿದಾಗ ಜೂನ್ ತಿಂಗಳಾದರೂ ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ಕೂಡ ಇರಲಿಲ್ಲ. ಜಿಟಿಜಿಟಿ ಮಳೆ ಬೇರೆ. ನಾನು ಸ್ವೆಟರ್ ಹುಡುಕುತ್ತ ಗೊಣಗುತ್ತಿದ್ದರೆ ಗಿರಿಜಕ್ಕ ಮುಖವೆತ್ತಿ ಹನಿ ಬೀಳಿಸಿಕೊಂಡು ನಗುತ್ತಿದ್ದರು.

ಗಿರಿಜಕ್ಕ ಬಾಗಲಕೋಟೆಯವರು. ಶಿಕಾಗೋ ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ನಮ್ಮ ನೆರೆಯವರು. ಮಕ್ಕಳ ಡಾಕ್ಟರಾಗಿ ನಿವೃತ್ತರಾದ ಮೇಲೆ ಅವರಿಗೆ ಸ್ತನ ಕ್ಯಾನ್ಸರ್ ಬಂತು. ಚಿಕಿತ್ಸೆ ಮುಗಿದರೂ ಎಡಗೈ ಸರಿಯಾಗಿ ಮೇಲೇಳುತ್ತಿರಲಿಲ್ಲ. ಕೈ ಪಳಗಲೆಂದೇ ಶಿಕಾಗೋದ ಇನ್ನೊಂದು ಬದಿಯ ಸ್ಕೋಕಿ ಊರಿನ ಕಾಲುವೆಯಲ್ಲಿ ದೋಣಿಗೆ ಹುಟ್ಟು ಹಾಕಲು ಕಲಿತರು. ಹ್ಯಾಂಬರ್ಗ್‌ನಲ್ಲಿ ಊರಿನ ನಡುವೆಯೇ ದೋಣಿಯಲ್ಲಿ ತಿರುಗಬಹುದೆಂದು ಜೊತೆಗೆ ಕಲಿಯುತ್ತಿದ್ದವರು ಯಾರೋ ಹೇಳಿದ್ದೇ ತಡ, “ನಳಿನಿ, ನೀನೂ ಬರಬೇಕು” ಎಂದು ಹಟ ಹಿಡಿದರು. ಈಜು ಬಾರದ ನಾನು ಹೇಗೆ ಹೂಂ ಅಂದೆನೋ ತಿಳಿಯದು.

ಸಮುದ್ರ ಅರವತ್ತು ಮೈಲಿಗೂ ಆಚೆ ಇದ್ದರೂ ಹ್ಯಾಂಬರ್ಗ್ ದೊಡ್ಡ ಬಂದರು. ಎಲ್ಬೆ ನದಿಯಲ್ಲಿ ಅಪಾರ್ಟ್‌ಮೆಂಟಿನಷ್ಟು ಎತ್ತರದ ಹಡಗುಗಳು ಮನೆಗಳ ಮುಂದೆಯೇ ಹಾದುಹೋಗುತ್ತವೆ. ಬಸ್ಸಿನ ಟಿಕೆಟ್‌ನಲ್ಲೇ ಫೆರಿಯನ್ನೂ ಹತ್ತಬಹುದೆಂದು ಗೊತ್ತಾದಾಗ ನಮಗೆ ಹಬ್ಬ! ಇಡೀ ದಿನ ಈ ದಡದಿಂದ ಆ ದಡಕ್ಕೆ ಓಡಾಡಿದೆವು. ಒಂದು ಕಾಲಕ್ಕೆ ಕಾಫಿ, ಮಸಾಲೆ, ರತ್ನಗಂಬಳಿ ತುಂಬಿಡುತ್ತಿದ್ದ ಕೆಂಪಿಟ್ಟಿಗೆಯ ಗೋದಾಮುಗಳು ನೀರಿನಿಂದಲೇ ಎದ್ದು ನಿಂತಿವೆ. ಇದು ರಾಜರ ಊರಲ್ಲ, ವ್ಯಾಪಾರಿಗಳ ಊರು. ಜನರ ಮಾತು ಕಡಿಮೆ. ಬೆಳಿಗ್ಗೆಯಾದರೂ ಸಂಜೆಯಾದರೂ “ಮೊಯಿನ್” ಎಂದರೆ ನಮಸ್ಕಾರ ಮುಗಿಯಿತು.

ಮೂರನೆಯ ದಿನ ಬಿಸಿಲು ಬಂತು. ಊರ ನಡುವಿನ ಆಲ್ಸ್ಟರ್ ಸರೋವರಕ್ಕೆ ಕೂಡುವ ಕಾಲುವೆಯೊಂದರಲ್ಲಿ ಇಬ್ಬರು ಕೂರುವ ದೋಣಿ ಬಾಡಿಗೆಗೆ ಹಿಡಿದೆವು. ದೋಣಿಮನೆಯ ಮುದುಕ ನನಗೆ ಲೈಫ್ ಜಾಕೆಟ್ ಬಿಗಿದು, “ಮಧ್ಯಾಹ್ನ ಗಾಳಿ ಏಳುತ್ತೆ, ದಡ ಬಿಡಬೇಡಿ” ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿದ. ನಾನು ಮುಂದೆ, ಗಿರಿಜಕ್ಕ ಹಿಂದೆ. ನನ್ನ ಕೈಯಲ್ಲೂ ಒಂದು ಹುಟ್ಟಿತ್ತು, ಅಲಂಕಾರಕ್ಕೆ.

ಕಾಲುವೆಯ ಎರಡೂ ಕಡೆ ಮನೆಗಳ ಹಿತ್ತಿಲು. ಗುಲಾಬಿ ಗಿಡಗಳಿಗೆ ನೀರು ಹಾಕುತ್ತಿದ್ದವರು ಕೈ ಬೀಸಿದರು. ಸೇತುವೆಯ ಕೆಳಗೆ ತಲೆ ತಗ್ಗಿಸಿ ನುಸುಳಿದೆವು. ಕೆಫೆಯೊಂದು ದೋಣಿಯವರಿಗೆಂದೇ ಕಿಟಕಿ ತೆರೆದಿತ್ತು. ಕೂತಲ್ಲಿಗೇ ಕಾಫಿ, ದಾಲ್ಚಿನ್ನಿ ಹಾಕಿದ ಬೆಣ್ಣೆ ಬನ್ನು ಬಂದವು. ಈ ಊರು ರಸ್ತೆಗೆ ಬಾಗಿಲು ಹಾಕಿಕೊಂಡು ನೀರಿಗೆ ಮನಸ್ಸು ತೆರೆಯುತ್ತದೆ ಅನಿಸಿತು.

ಆ ಖುಷಿಯಲ್ಲೇ ಸರೋವರಕ್ಕೆ ಇಳಿದೆವು. ಮುದುಕನ ಮಾತು ಮರೆತು ನಡುವಿಗೆ ಬಂದಾಗ ಗಾಳಿ ಎದ್ದಿತು. ಪ್ರವಾಸಿಗರ ಸ್ಟೀಮರ್ ಹಾದುಹೋಯಿತು, ಅದರ ಅಲೆಗೆ ದೋಣಿ ತೊಟ್ಟಿಲಾಯಿತು. ಹಿಂದೆ ಗಿರಿಜಕ್ಕನ ಉಸಿರು ಜೋರಾಗಿ ಕೇಳಿಸಿತು.

“ನಳಿನಿ, ನನ್ನ ಕೈ ಸೋತದ. ಇನ್ನ ನೀನ ಎಳೀಬೇಕು.”

“ಅಯ್ಯೋ ನಂಗೆ ಬರಲ್ಲ ಅಕ್ಕ! ಯಾರಿಗಾದ್ರೂ ಫೋನ್ ಮಾಡೋಣ.”

“ಫೋನ್ ಹಿಡದ್ರ ಹುಟ್ಟು ಯಾರು ಹಿಡೀತಾರ? ದಿಕ್ಕು ನಾ ನೋಡ್ಕೋತೀನಿ. ನೀ ಬಗ್ಗು, ನೀರಾಗ ಅದ್ದು, ಎಳಿ!”

ಬಗ್ಗಿದೆ, ಅದ್ದಿದೆ, ಎಳೆದೆ. ಮೊದಮೊದಲು ನೀರೆಲ್ಲ ನನ್ನ ಮೈಮೇಲೆ. ದೋಣಿ ನಿಂತಲ್ಲೇ ಕುಣಿಯಿತು. ಅಂಗೈ ಉರಿಯತೊಡಗಿತು. “ಹಂಗ, ಹಂಗ! ನಿಲ್ಲಿಸಬ್ಯಾಡ!” ಎಂದು ಅವರು ಕೂಗುತ್ತಲೇ ಇದ್ದರು. ಯಾವಾಗಲೋ ಹುಟ್ಟು ನೀರನ್ನು ಗಟ್ಟಿಯಾಗಿ ಹಿಡಿಯಿತು, ದೋಣಿ ಮುಂದಕ್ಕೆ ಜಾರಿತು. ಭಯ ಎಲ್ಲಿ ಹೋಯಿತೋ! ನಾನು ಚಿಕ್ಕ ಹುಡುಗಿಯಂತೆ ಕಿರುಚಿದೆ. ಕಾಲುವೆಯ ಬಾಯಿ ಹೊಕ್ಕಮೇಲೆ ಹಿಂತಿರುಗಿ ನೋಡಿದರೆ ಗಿರಿಜಕ್ಕನ ಕೆನ್ನೆ ಒದ್ದೆ. ಅದು ಅಲೆಯ ನೀರೋ, ಕಣ್ಣೀರೋ ಕೇಳಲಿಲ್ಲ.

ಮುದುಕ ದಡದಲ್ಲೇ ಕಾದು ನಿಂತಿದ್ದ. ದೋಣಿ ಕಟ್ಟಿ, ನಮ್ಮಿಬ್ಬರ ಕೈ ಹಿಡಿದು ಮೇಲೆ ಹತ್ತಿಸಿ, “ನಾಟ್ ಬ್ಯಾಡ್” ಎಂದ. ಹೋಟೆಲಿನ ಹುಡುಗಿಗೆ ಹೇಳಿದಾಗ ಅವಳು ನಕ್ಕಳು: “ಹ್ಯಾಂಬರ್ಗ್‌ನವರು ಅದಕ್ಕಿಂತ ಹೆಚ್ಚು ಯಾರನ್ನೂ ಹೊಗಳುವುದಿಲ್ಲ!”

ಹೊರಟ ದಿನ ವಿಮಾನ ಮೇಲೇರಿ ವಾಲಿದಾಗ ಕಿಟಕಿಯಲ್ಲಿ ಆಲ್ಸ್ಟರ್ ಕಾಣಿಸಿತು. ಬಿಳಿ ಹಾಯಿಗಳ ಚುಕ್ಕೆಗಳಿದ್ದ ಅಂಗೈಯಗಲದ ನೀರು.

“ಅಕ್ಕ, ನಾವು ಒದ್ದಾಡಿದ್ದು ಇಷ್ಟೇ ಇಷ್ಟು ಕೆರೇಲಾ?”

ಗಿರಿಜಕ್ಕ ನನ್ನ ಮೇಲೆ ಬಗ್ಗಿ, ಮೋಡ ಮುಚ್ಚುವವರೆಗೂ ನೋಡಿದರು. ಆಮೇಲೆ ಗಂಭೀರವಾಗಿ ಅಂದರು: “ಮನ್ಯಾಗ ಹೇಳೂವಾಗ ಕೆರಿ ಅನಬ್ಯಾಡ. ಸಮುದ್ರ ಅನ್ನು.”